ನೆಲದ ಮೇಲೆ ಕೂತು ಹಾಡುವವರಿಗೊಂದು ಕೋಣೆ

“ಮನೇಲೇ ಒಂದು ಸಣ್ಣ ಸ್ಟುಡಿಯೊ ಮಾಡೋಣ ಅಂತಿದೀನಿ, ಯಾವ ಮೈಕ್ ತಗೊಳ್ಳಲಿ ಸಾರ್?” ದಾವಣಗೆರೆಯಲ್ಲಿ ಹಾಡು, ತಬಲ, ಕೀಬೋರ್ಡು ಎಂದು ಓಡಾಡುವ ಹುಡುಗರಿಂದ ಈಗೀಗ ಹೆಚ್ಚಾಗಿ ಕೇಳಿಬರುವ ಪ್ರಶ್ನೆ ಇದು. ನಾನು ತಿರುಗಿ ಕೇಳುವುದು ಬೇರೆ: ಆ ಕೋಣೆಯಲ್ಲಿ ಹಾಡುವವರು ಯಾರು? ನಿಂತು ಹಾಡುತ್ತಾರೋ, ಕೂತು ಹಾಡುತ್ತಾರೋ? ಒಬ್ಬರೋ, ನಾಲ್ಕೈದು ಜನ ಸೇರಿಯೋ? ಮೈಕಿನ ಮಾತು ಆಮೇಲೆ.

ಹೀಗೆ ಕೇಳುವುದಕ್ಕೆ ಕಾರಣ ಇದೆ. ಸ್ಟುಡಿಯೊ ಅಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವ ಚಿತ್ರ ಒಂದೇ. ಗೋಡೆ ತುಂಬ ಕಪ್ಪು ಸ್ಪಂಜು, ಎತ್ತರದ ಸ್ಟ್ಯಾಂಡಿನಿಂದ ಇಳಿಬಿಟ್ಟ ಮೈಕು, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಮೈಕಿನಿಂದ ನಾಲ್ಕು ಬೆರಳು ದೂರದಲ್ಲಿ ನಿಂತು ಮೆಲ್ಲಗೆ ಹಾಡುವ ಒಬ್ಬ ಗಾಯಕ. ಸಿನಿಮಾ ಹಾಡಿಗೆ, ಆಲ್ಬಂ ಹಾಡಿಗೆ ಆ ವ್ಯವಸ್ಥೆ ಸರಿಯಾಗಿದೆ. ನಮ್ಮ ಸೀಮೆಯ ಹಾಡಿಕೆಗೆ ಅದು ಒಗ್ಗುವುದಿಲ್ಲ.

ದಾವಣಗೆರೆ ವೃತ್ತಿ ರಂಗಭೂಮಿಯ ಊರು. ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಡ್ರಾಮಾ ಕಂಪನಿ ಇಲ್ಲಿನದು. ಕಂಪನಿ ನಾಟಕದ ಕಂಠಗಳು ಟೆಂಟಿನ ಕಟ್ಟಕಡೆಗೆ ಕೂತವನಿಗೂ ಮುಟ್ಟುವಂತೆ ಹದಗೊಂಡವು. ಇತ್ತ ಚಳ್ಳಕೆರೆ, ಹಿರಿಯೂರು ಕಡೆಯ ಗೊಲ್ಲರಹಟ್ಟಿಗಳ ಹೆಣ್ಣುಮಕ್ಕಳ ಹಾಡು, ಗಣೆ ಎಂಬ ಉದ್ದನೆಯ ಕೊಳಲಿನ ಮೇಲೆ ಬರುವ, ಗೊಲ್ಲರ ದೈವ ಜುಂಜಪ್ಪನ ಕಥನ; ಸಿರಿಗೆರೆ, ಸಾಣೇಹಳ್ಳಿ ಕಡೆಯ ವಚನ ಗಾಯನ; ಊರೂರಿನ ಭಜನೆ ಮೇಳ, ತತ್ವಪದ. 1997ರಲ್ಲಿ ದಾವಣಗೆರೆ ಚಿತ್ರದುರ್ಗದಿಂದ ಬೇರೆಯಾಗಿ ತಾನೇ ಜಿಲ್ಲೆಯಾಯಿತು. ಹಾಡಿಕೆ ಮಾತ್ರ ಇಬ್ಭಾಗವಾಗಿಲ್ಲ. ನಾಟಕವೊಂದನ್ನು ಬಿಟ್ಟರೆ ಇವೆಲ್ಲ ಹೆಚ್ಚಾಗಿ ನೆಲದ ಮೇಲೆ ಕೂತು, ಒಬ್ಬರ ಮುಖ ಒಬ್ಬರು ನೋಡುತ್ತ, ಅಂಗಳ ತುಂಬುವ ಹಾಗೆ ಹಾಡುವ ಹಾಡುಗಳು. ಓದು ಬರಹ ಬಾರದಿದ್ದರೂ ಸಾವಿರಾರು ಹಾಡು ಎದೆಯಲ್ಲಿಟ್ಟುಕೊಂಡಿದ್ದ ಸಿರಿಯಜ್ಜಿ ಈ ಮಣ್ಣಿನವರು. ಅಂಥವರು ಇನ್ನೂ ಹಟ್ಟಿಗಳಲ್ಲಿ ಇದ್ದಾರೆ, ದಿನದಿನಕ್ಕೆ ಕಡಿಮೆಯಾಗುತ್ತಿದ್ದಾರೆ. ಅವರ ದನಿಯನ್ನು ಚೆನ್ನಾಗಿ ಹಿಡಿದಿಡುವ ಕೋಣೆಗಳು ನಮ್ಮ ಊರುಗಳಲ್ಲೇ ಇರಬೇಕು ಎಂಬುದು ನನ್ನ ಆಸೆ. ಮನೆಯ ಮಹಡಿಯ ಮೇಲೆ ನಾನು ಕೋಣೆಯೊಂದನ್ನು ಸ್ಟುಡಿಯೊ ಮಾಡಿಕೊಂಡದ್ದು ಆ ಆಸೆಯಿಂದಲೇ.

ಅಂಗಳ ತುಂಬುವ ಕಂಠವನ್ನು ನಾಲ್ಕು ಬೆರಳು ದೂರದ ಮೈಕಿಗೆ ಕೊಟ್ಟರೆ ಏನಾಗುತ್ತದೆ? ‘ಪ’ಕಾರ ‘ಬ’ಕಾರಗಳ ಗಾಳಿ ಮೈಕಿಗೆ ಬಡಿಯುತ್ತದೆ. ಉಸಿರು ಹಾಡಿಗಿಂತ ಜೋರಾಗಿ ಕೇಳುತ್ತದೆ. ಹಾಡುವ ಅಜ್ಜಿ ಪಕ್ಕದವಳ ಕಡೆ ಮುಖ ತಿರುಗಿಸಿದ ಕ್ಷಣ ದನಿ ಮಾಯ. ಅದಕ್ಕಿಂತ ಮುಖ್ಯವಾಗಿ, ಆ ಕಂಠ ಬಾಯಿಂದ ಮಾತ್ರ ಬರುವುದಿಲ್ಲ. ಎದೆ, ಗಂಟಲು, ತಲೆ ಎಲ್ಲ ಕೂಡಿ ದನಿಯಾಗುವುದಕ್ಕೆ ಒಂದೆರಡು ಅಡಿ ಜಾಗ ಬೇಕು. ಹಾಗಾಗಿ ಮೈಕನ್ನು ಎರಡರಿಂದ ಮೂರು ಅಡಿ ದೂರ ಇಡಲೇಬೇಕು.

ದೂರ ಇಟ್ಟ ಕೂಡಲೇ ಇನ್ನೊಂದು ಸಂಗತಿ ಎದುರಾಗುತ್ತದೆ. ದೂರ ಇಮ್ಮಡಿಯಾದಂತೆಲ್ಲ ಬಾಯಿಂದ ನೇರ ಬರುವ ದನಿ 6 ಡೆಸಿಬಲ್ (ದನಿಯ ಜೋರನ್ನು ಅಳೆಯುವ ಮಾನ) ಇಳಿಯುತ್ತದೆ. ಅರ್ಧ ಅಡಿಯಿಂದ ಎರಡು ಅಡಿಗೆ ಹೋದರೆ 12 ಡೆಸಿಬಲ್ ನಷ್ಟ. ಗೋಡೆ, ಸೂರುಗಳಿಗೆ ತಾಗಿ ಮರಳುವ ದನಿ ಮಾತ್ರ ಕೋಣೆಯ ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿರುತ್ತದೆ. ಹತ್ತಿರದ ಮೈಕು ಕೋಣೆಯನ್ನು ಮುಚ್ಚಿಡುತ್ತದೆ, ದೂರದ ಮೈಕು ಬಿಚ್ಚಿಡುತ್ತದೆ. ನಾಲ್ಕು ಬೆರಳು ದೂರದಲ್ಲಿ ಹಾಡುವವರಿಗೆ ಎಂಥ ಕೋಣೆಯಾದರೂ ನಡೆದೀತು. ನಮಗೆ ನಡೆಯುವುದಿಲ್ಲ. ಕೈಯಲ್ಲಿ ಇಷ್ಟು ದುಡ್ಡಿದೆ ಅಂದರೆ ಅದರ ದೊಡ್ಡ ಪಾಲು ಕೋಣೆಗೆ, ಉಳಿದದ್ದು ಮೈಕಿಗೆ ಎಂದು ನಾನು ಹೇಳುವುದು ಇದಕ್ಕೇ.

ಕೋಣೆಗೂ ಒಂದು ಶ್ರುತಿ ಇದೆ. ಎದುರುಬದುರು ಗೋಡೆಗಳ ನಡುವೆ ದನಿ ಹೋಗಿ ಬರುವಾಗ ಕೆಲವು ಸ್ವರಗಳು ತಮ್ಮ ಮೇಲೆ ತಾವೇ ಕೂಡಿಕೊಂಡು ಗುಂಯ್ ಎನ್ನುತ್ತವೆ. ಲೆಕ್ಕ ಸುಲಭ. ಶಬ್ದದ ವೇಗವನ್ನು ಗೋಡೆಗಳ ಅಂತರದ ಎರಡರಷ್ಟರಿಂದ ಭಾಗಿಸಿದರೆ ಮೊದಲ ಸ್ವರ ಸಿಗುತ್ತದೆ. ಅದರ ಎರಡರಷ್ಟು, ಮೂರರಷ್ಟು ಮುಂದಿನವು. ನನ್ನ ಕೋಣೆ 10 ಅಡಿ ಅಗಲ, 14 ಅಡಿ ಉದ್ದ, 10 ಅಡಿ ಎತ್ತರ. ಹತ್ತು ಅಡಿ ಅಂದರೆ 3.05 ಮೀಟರ್. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ. ಹಾಗಾಗಿ 56 ಹರ್ಟ್ಜ್, ಅಂದರೆ ಸೆಕೆಂಡಿಗೆ 56 ಕಂಪನದ ಸ್ವರ ಒಂದು, 112 ಇನ್ನೊಂದು. ಉದ್ದದ ಕಡೆಯಿಂದ 40, 80, 120.

ಇಲ್ಲಿ ಅಗಲವೂ ಹತ್ತು, ಎತ್ತರವೂ ಹತ್ತು. ಎರಡೂ ಕಡೆಯಿಂದ ಅದೇ 56, ಅದೇ 112 ಎದ್ದು ಒಂದರ ಮೇಲೊಂದು ಕೂರುತ್ತವೆ. ನಮ್ಮ ಕಡೆ ಮನೆ ಕಟ್ಟುವವರಿಗೆ ಹತ್ತರ ಮೇಲೆ ಬಹಳ ಪ್ರೀತಿ. ಹತ್ತಕ್ಕೆ ಹತ್ತರ ರೂಮು, ಹತ್ತಡಿ ಎತ್ತರದ ಮೋಲ್ಡು. ಮೂರು ಅಳತೆಯೂ ಒಂದೇ ಆದ ಕೋಣೆ ಸ್ಟುಡಿಯೊಗೆ ಎಲ್ಲಕ್ಕಿಂತ ಕಷ್ಟದ್ದು. ಹೊಸದಾಗಿ ಕಟ್ಟಿಸುವವರು ಕಾಂಟ್ರ್ಯಾಕ್ಟರಿಗೆ ಮೊದಲೇ ಹೇಳಿ ಅಗಲವನ್ನು 11 ಅಡಿಗೆ ಸರಿಸಿಕೊಂಡರೆ ಖರ್ಚಿಲ್ಲದೆ ಅರ್ಧ ಕೆಲಸ ಮುಗಿಯುತ್ತದೆ.

112 ಹರ್ಟ್ಜ್ ಎಲ್ಲಿ ಬರುತ್ತದೆ ನೋಡಿ. ಗಂಡಸರು ಭಜನೆಗೆ ಹಾರ್ಮೋನಿಯಂನ ಕಪ್ಪು ಒಂದನ್ನು ಷಡ್ಜ ಮಾಡಿಕೊಂಡರೆ ಆ ‘ಸ’ 138.6 ಹರ್ಟ್ಜ್. ಅದರ ಕೆಳಗಿನ ಮಂದ್ರ ಪಂಚಮ 104, ಕೋಮಲ ಧೈವತ 110, ಶುದ್ಧ ಧೈವತ 116.5. ಕೋಣೆಯ ಸ್ವರ ಎರಡು ಧೈವತಗಳ ನಡುವೆ ಕೂತಿದೆ. ಬಿಸಿ ಏರಿದಂತೆ ಶಬ್ದದ ವೇಗವೂ ಏರುತ್ತದೆ, ಒಂದು ಡಿಗ್ರಿಗೆ ಸೆಕೆಂಡಿಗೆ 0.6 ಮೀಟರಿನಂತೆ. ಏಪ್ರಿಲ್ ಮಧ್ಯಾಹ್ನ ಮೋಲ್ಡಿನ ಕೆಳಗಿನ ಕೋಣೆ 40 ಡಿಗ್ರಿ ಮುಟ್ಟಿದರೆ ಅದೇ ಸ್ವರ 116ಕ್ಕೆ ಹೋಗಿ ಹೆಚ್ಚುಕಡಿಮೆ ಶುದ್ಧ ಧೈವತವೇ ಆಗಿಬಿಡುತ್ತದೆ. ಹಾಡುವವರು ಮಂದ್ರಕ್ಕೆ ಇಳಿದಾಗ ಉಳಿದ ಸ್ವರಗಳೆಲ್ಲ ಸಮನಾಗಿದ್ದು ಧೈವತವೊಂದೇ ದಪ್ಪಗೆ ಮುಂದೆ ಬಂದು ನಿಲ್ಲುತ್ತದೆ. ಕೇಳುವವರು ಗಾಯಕನ ಕಂಠದ ದೋಷ ಅಂದುಕೊಳ್ಳುತ್ತಾರೆ. ದೋಷ ಗೋಡೆಯದು.

ನೆಲದ ಮೇಲೆ ಕೂರುವ ನಮ್ಮ ಪದ್ಧತಿ ನೆರವಿಗೆ ಬರುವುದು ಈ ಜಾಗದಲ್ಲಿ. ಹತ್ತಡಿಯ 112 ಹರ್ಟ್ಜ್ ಕೋಣೆಯಲ್ಲಿ ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ. ಗೋಡೆಯ ಬುಡದಲ್ಲಿ ಜೋರು, ನಟ್ಟನಡುವೆ ಜೋರು. ಗೋಡೆಯಿಂದ ಕಾಲು ಭಾಗ, ಅಂದರೆ ಎರಡೂವರೆ ಅಡಿಯಲ್ಲಿ, ಅದು ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಎತ್ತರದಲ್ಲೂ ಹಾಗೇ. ನೆಲದಿಂದ ಎರಡೂವರೆ ಅಡಿ ಮೇಲೆ ಆ ಸ್ವರ ಮಲಗಿರುತ್ತದೆ. ಚಕ್ಕಳಮಕ್ಕಳ ಹಾಕಿ ಕೂತವರ ಬಾಯಿ ನೆಲದಿಂದ ಎಷ್ಟು ಎತ್ತರದಲ್ಲಿರುತ್ತದೆ? ಅಳೆದು ನೋಡಿ, ಸುಮಾರು ಎರಡೂವರೆ ಅಡಿ. ಇದನ್ನು ಟೇಪು ಹಿಡಿದು ನೋಡಿದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ. ಐದಡಿ ಎತ್ತರದಲ್ಲಿ, ಕೋಣೆಯ ನಡುವೆ ನಿಂತು ಹಾಡಿದರೆ ಅಗಲದ್ದೂ ಎತ್ತರದ್ದೂ ಎರಡೂ 112 ಸೇರಿ ಧೈವತವನ್ನು ಎತ್ತಿ ಕೊಡುತ್ತವೆ. ಪಕ್ಕದ ಗೋಡೆಯಿಂದ ಎರಡೂವರೆ ಅಡಿ ಬಿಟ್ಟು ನೆಲದ ಮೇಲೆ ಕೂತು, ಮೈಕನ್ನೂ ಬಾಯಿಯ ಮಟ್ಟಕ್ಕೆ ಇಟ್ಟರೆ ಎರಡೂ ತೆಪ್ಪಗಾಗುತ್ತವೆ. ಒಂದು ರೂಪಾಯಿ ಖರ್ಚಿಲ್ಲ.

ಹಾಗಂತ ಗೋಡೆಗೆ ಒರಗಿ ಕೂರಬಾರದು. ಎಲ್ಲ ಸ್ವರಗಳೂ ಗೋಡೆಯ ಬುಡದಲ್ಲಿ, ಅದರಲ್ಲೂ ಮೂಲೆಯಲ್ಲಿ, ಜೋರಾಗಿರುತ್ತವೆ. ವಯಸ್ಸಾದವರಿಗೆ ಒರಗಲು ಏನಾದರೂ ಬೇಕೇ ಬೇಕು. ಅವರ ಬೆನ್ನಿಗೆ ದಿಂಬಿನ ಆಸರೆಯನ್ನು ಗೋಡೆಯಿಂದ ದೂರದಲ್ಲೇ ಮಾಡಿಕೊಡಬೇಕು.

ಕೆಳಗೆ ಕೂರುವುದರಲ್ಲಿ ಒಂದು ತೊಂದರೆಯೂ ಇದೆ: ನೆಲ ಹತ್ತಿರವಾಗುತ್ತದೆ. ಬಾಯಿ ಎರಡೂವರೆ ಅಡಿಯಲ್ಲಿ, ಮೈಕು ಅದೇ ಎತ್ತರದಲ್ಲಿ ಮೂರು ಅಡಿ ದೂರ ಅಂದುಕೊಳ್ಳಿ. ನೇರ ಬರುವ ದನಿ ಮೂರು ಅಡಿ ನಡೆದರೆ ಗ್ರಾನೈಟ್ ನೆಲಕ್ಕೆ ತಾಗಿ ಬರುವ ದನಿ ಸುಮಾರು 5.8 ಅಡಿ ನಡೆಯುತ್ತದೆ. ಈ ಅಂತರದಿಂದಾಗಿ 200 ಹರ್ಟ್ಜ್ ಸುತ್ತ ಎರಡೂ ಒಂದನ್ನೊಂದು ಹೊಡೆದುಹಾಕಿ ದನಿ ತೆಳ್ಳಗಾಗುತ್ತದೆ. ಎದೆಯಿಂದ ಬರುವ ದನಿಯ ತಿರುಳು ಇರುವುದೇ ಆ ಭಾಗದಲ್ಲಿ. ನಿಂತು ಹಾಡುವವರಿಗೆ ನೆಲ ದೂರ, ಮರಳಿ ಬರುವ ದನಿ ಕ್ಷೀಣ, ಅವರಿಗೆ ಈ ಚಿಂತೆ ಅಷ್ಟಿಲ್ಲ. ಜಮಖಾನೆ ಹಾಸಿದರೆ ಸಾಕಲ್ಲವೇ ಅನ್ನುತ್ತಾರೆ. ಜಮಖಾನೆ ತೆಳು. ಅದು ಚಪ್ಪಾಳೆಯ, ತಾಳದ ಚುರುಕು ಸದ್ದನ್ನು ಹೀರುತ್ತದೆ, 200 ಹರ್ಟ್ಜ್‌ಗೆ ಅದು ಇದ್ದೂ ಇಲ್ಲದ ಹಾಗೆ.

ಗಾದಿ ಬೇಕು. ನಾಲ್ಕೈದು ಇಂಚು ದಪ್ಪದ ಹತ್ತಿ ಗಾದಿ, ಅದರ ಮೇಲೆ ಜಮಖಾನೆ, ಹಾಡುವವರ ಕೆಳಗಷ್ಟೇ ಅಲ್ಲ, ಹಾಡುವವರಿಗೂ ಮೈಕಿಗೂ ನಡುವಿನ ನೆಲದ ಮೇಲೆ. ಬೈಠಕ್ ಕಛೇರಿಗಳಲ್ಲಿ ಕಲಾವಿದರಿಗೆ ಗಾದಿ ಹಾಸಿ ಬಿಳಿ ಬಟ್ಟೆ ಹೊದಿಸುವುದನ್ನು ನಾವೆಲ್ಲ ನೋಡಿದ್ದೇವೆ. ಅದು ಮರ್ಯಾದೆಯೂ ಹೌದು, ಕಾಲುನೋವಿಗೆ ಅನುಕೂಲವೂ ಹೌದು. ದನಿಯ ಲೆಕ್ಕದಲ್ಲೂ ಅದು ಸರಿಯಾದ ಜಾಗದಲ್ಲಿರುವ ಸರಿಯಾದ ವಸ್ತು. ಗಾದಿ ಎತ್ತರಕ್ಕೆ ತಕ್ಕಂತೆ ಬಾಯಿ ನಾಲ್ಕು ಬೆರಳು ಮೇಲೇರುತ್ತದೆ, ಅಷ್ಟರಿಂದ ಏನೂ ಕೆಡುವುದಿಲ್ಲ.

ದಾವಣಗೆರೆಯಲ್ಲಿ ಹತ್ತಿಯ ಮಾತು ಬಂದರೆ ಯಾರಿಗೂ ವಿವರಿಸಿ ಹೇಳಬೇಕಿಲ್ಲ. ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಸಿಕೊಂಡ ಊರು ಇದು. ಗಿರಣಿಗಳು ಹೋದರೂ ಗಾದಿ ಹೊಲಿಯುವ ಅಂಗಡಿಗಳು ಉಳಿದಿವೆ. ಗೋಡೆಗೆ ನೇತುಹಾಕಲು ನಾಲ್ಕು ಅಡಿಗೆ ಎರಡು ಅಡಿ ಗಾದಿ ಬೇಕು ಎಂದಾಗ ಹೊಲಿಯುವವರು ಸೂಜಿ ನಿಲ್ಲಿಸಿ ಕೇಳಿದರು: “ಗ್ವಾಡಿಗ್ಯಾಕ್ರೀ ಸಾರ್ ಗಾದಿ? ಗ್ವಾಡಿ ಮಲಗ್ತೈತಾ?” ವಿವರಿಸಿದ ಮೇಲೆ ಅವರೇ ಒಂದು ಮಾತು ಹೇಳಿದರು: “ಹಂಗಾದ್ರ ಹತ್ತಿ ಗಟ್ಟಿ ತುಂಬಬಾರ್ದು, ಅಳ್ಳಕ ಇರಬೇಕು. ಗಟ್ಟಿ ಆದ್ರ ಅದೂ ಗ್ವಾಡಿನ.” ಆ ಮಾತು ನೂರಕ್ಕೆ ನೂರು ಸರಿ. ದನಿ ಅಂದರೆ ಗಾಳಿಯ ಅಲುಗಾಟ. ಎಳೆಗಳ ನಡುವೆ ಗಾಳಿ ನುಸುಳಿ ಉಜ್ಜಿಕೊಂಡಾಗ ಅದರ ಶಕ್ತಿ ಶಾಖವಾಗಿ ಕರಗುತ್ತದೆ. ನುಸುಳಲು ಜಾಗವೇ ಇಲ್ಲದಿದ್ದರೆ ದನಿ ಮೇಲಿಂದಲೇ ಹಿಂದಿರುಗುತ್ತದೆ.

ಕೋಣೆಯ ದನಿಯ ಶಾಸ್ತ್ರ ಹುಟ್ಟಿದ್ದೂ ಇಂಥದೇ ಮೆತ್ತೆಗಳಿಂದ. 1895ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಉಪನ್ಯಾಸ ಕೋಣೆಯೊಂದರಲ್ಲಿ ಯಾರ ಮಾತೂ ತಿಳಿಯುತ್ತಿರಲಿಲ್ಲ. ಆಡಿದ ಮಾತು ಐದು ಸೆಕೆಂಡಿಗೂ ಹೆಚ್ಚು ಹೊತ್ತು ಗಾಳಿಯಲ್ಲೇ ಸುತ್ತುತ್ತಿತ್ತು. ಸರಿಪಡಿಸಲು ಹೊರಟ ವ್ಯಾಲೇಸ್ ಸಬೀನ್ ಎಂಬ ಯುವ ಅಧ್ಯಾಪಕ ಪಕ್ಕದ ರಂಗಮಂದಿರದ ಕುರ್ಚಿ ಮೆತ್ತೆಗಳನ್ನು ರಾತ್ರಿ ಹೊತ್ತು ತಂದು ಜೋಡಿಸಿ, ಆರ್ಗನ್ ಕೊಳವೆ ಊದಿಸಿ, ದನಿ ಅಡಗಲು ಎಷ್ಟು ಹೊತ್ತು ಬೇಕೆಂದು ಗಡಿಯಾರ ಹಿಡಿದು ಅಳೆಯುತ್ತಿದ್ದ. ಬೆಳಗಾಗುವ ಮೊದಲು ಮೆತ್ತೆಗಳು ಮತ್ತೆ ಅವುಗಳ ಜಾಗಕ್ಕೆ. ಆ ರಾತ್ರಿಗಳಿಂದ ಹುಟ್ಟಿದ ಸೂತ್ರವನ್ನೇ ಇವತ್ತಿಗೂ ಬಳಸುತ್ತೇವೆ: ಕೋಣೆಯ ಘನ ಅಡಿಯನ್ನು 0.049ರಿಂದ ಗುಣಿಸಿ, ಕೋಣೆಯಲ್ಲಿರುವ ಒಟ್ಟು ಹೀರುವಿಕೆಯಿಂದ ಭಾಗಿಸಿದರೆ ದನಿ ಅಡಗುವ ಸಮಯ ಸಿಗುತ್ತದೆ.

ನನ್ನ ಕೋಣೆ 1,400 ಘನ ಅಡಿ. ಗೋಡೆ, ನೆಲ, ಸೂರು ಎಲ್ಲ ಸೇರಿ 760 ಚದರ ಅಡಿ. ಸಿಮೆಂಟ್ ಗಿಲಾವು, ಗ್ರಾನೈಟುಗಳು ಬಡಿದ ದನಿಯಲ್ಲಿ ನೂರಕ್ಕೆ ಎರಡು ಮೂರು ಪಾಲು ಮಾತ್ರ ಹೀರುತ್ತವೆ. ಒಟ್ಟು ಸುಮಾರು 19 ಚದರ ಅಡಿಯಷ್ಟು ಹೀರುವಿಕೆ, ಅಂದರೆ ಬಡಿದ ದನಿಯನ್ನೆಲ್ಲ ನುಂಗುವ 19 ಚದರ ಅಡಿ ಜಾಗ ಇದ್ದ ಹಾಗೆ. ಲೆಕ್ಕದಂತೆ ಖಾಲಿ ಕೋಣೆಯಲ್ಲಿ ದನಿ ಅಡಗಲು 3.6 ಸೆಕೆಂಡು. ಚಪ್ಪಾಳೆ ತಟ್ಟಿದರೆ ಟಿರ್ ಎಂದು ಗೋಡೆಯಿಂದ ಗೋಡೆಗೆ ಓಡುವುದು ಕಿವಿಗೇ ತಿಳಿಯುತ್ತದೆ. ನಾಲ್ಕು ಅಡಿಗೆ ಎರಡು ಅಡಿಯ, ನಾಲ್ಕಿಂಚು ದಪ್ಪದ ಹನ್ನೆರಡು ಮೆತ್ತೆ ಹಲಗೆಗಳನ್ನು (ಹತ್ತಿ ಇಲ್ಲವೇ ಅಂಥದೇ ಎಳೆ ತುಂಬಿದವು) ಗೋಡೆಯಿಂದ ಒಂದು ಗೇಣು ಬಿಟ್ಟು ನೇತುಹಾಕಿದರೆ 96 ಚದರ ಅಡಿ. ನೆಲದ ಗಾದಿ, ಜಮಖಾನೆಗಳಿಂದ ಒಂದಿಷ್ಟು. ಕೂತ ಜನ ತಲೆಗೆ ನಾಲ್ಕೈದು ಚದರ ಅಡಿಯಂತೆ. ಎಲ್ಲ ಕೂಡಿದರೆ ಸಮಯ 0.45 ಸೆಕೆಂಡಿಗೆ ಇಳಿಯುತ್ತದೆ.

ಸ್ಟುಡಿಯೊ ಕಟ್ಟುವವರು ಇಂಥ ಸಣ್ಣ ಕೋಣೆಗೆ 0.3 ಸೆಕೆಂಡು ಅಥವಾ ಅದಕ್ಕೂ ಕಡಿಮೆ ಇರಲಿ ಅನ್ನುತ್ತಾರೆ. ಅವರು ಹೇಳುವುದು ಕೇಳುವ ಕೋಣೆಯ ಮಾತು. ಹಾಡುವ ಕೋಣೆ ಹಾಗಿದ್ದರೆ ನಮ್ಮವರು ಹಾಡುವುದಿಲ್ಲ. ಬೇರೊಂದು ಊರಿನ ಸ್ಟುಡಿಯೊದಲ್ಲಿ, ಸ್ಪಂಜು ಹೊದಿಸಿದ ಗಾಜಿನ ಗೂಡಿನೊಳಗೆ, ಹಟ್ಟಿಯಿಂದ ಬಂದ ಹಿರಿಯ ಜೀವವೊಂದು ಎರಡು ಸೊಲ್ಲು ಹಾಡಿ ನಿಲ್ಲಿಸಿದ್ದನ್ನು ನೋಡಿದ್ದೇನೆ. “ಯಪ್ಪಾ, ನನ್ ದನಿ ನಂಗೇ ಕೇಳವಲ್ದು. ಯಾರಿಗಂತ ಹಾಡ್ಲಿ?” ಅಂದರು. ಹೆಡ್‌ಫೋನ್ ಹಾಕಿದರೆ ಇನ್ನಷ್ಟು ಗಾಬರಿ. ಅಂಗಳದಲ್ಲಿ ಹಾಡಿದವರಿಗೆ ಎದುರು ಗೋಡೆ ಒಂದಿಷ್ಟು ದನಿಯನ್ನು ಮರಳಿಸಬೇಕು, ಪಕ್ಕದಲ್ಲಿ ಸೊಲ್ಲು ಹಿಡಿಯುವವರು ಇರಬೇಕು. ಅದಕ್ಕೇ ಪಕ್ಕದ ಗೋಡೆಗಳಿಗೂ ಸೂರಿಗೂ ಹೆಚ್ಚು ಹಲಗೆ ಹಾಕಿ, ಹಾಡುವವರ ಎದುರಿನ ಗೋಡೆಯ ಮೇಲ್ಭಾಗವನ್ನು ಬರಿದಾಗಿ ಬಿಟ್ಟಿದ್ದೇನೆ. ಅಲ್ಲಿಂದ ಮರಳುವ ದನಿ ಅವರ ಕಿವಿಗೆ ಧೈರ್ಯ ಕೊಡುತ್ತದೆ. ಸ್ಪಂಜೇ ಹಾಕಿದ್ದರೆ ಇನ್ನೊಂದು ಅನ್ಯಾಯವೂ ಆಗುತ್ತಿತ್ತು: ಒಂದೆರಡು ಇಂಚಿನ ಸ್ಪಂಜು ಮೇಲಿನ ಹೊಳಪನ್ನಷ್ಟೇ ನುಂಗಿ ಕೆಳಗಿನ ಗುಂಯ್ ಅನ್ನು ಹಾಗೇ ಬಿಡುತ್ತದೆ. ಮೊಟ್ಟೆ ಟ್ರೇಗಳ ಬಗ್ಗೆ ಕೇಳುವವರಿಗೆ ಒಂದೇ ಮಾತು, ಅವು ಮೊಟ್ಟೆಗೇ ಇರಲಿ.

ಹತ್ತಿಯ ಬಗ್ಗೆ ಎಚ್ಚರಿಕೆಯ ಮಾತೊಂದಿದೆ. ಹತ್ತಿಗೆ ಬೆಂಕಿ ಬೇಗ ಹಿಡಿಯುತ್ತದೆ, ಮಳೆಗಾಲದಲ್ಲಿ ಅದು ತೇವ ಕುಡಿಯುತ್ತದೆ, ಇಲಿಗೂ ಗೆದ್ದಲಿಗೂ ಇಷ್ಟ. ಅದಕ್ಕೇ ನೆಲಕ್ಕೆ, ಬಿಸಿಲಿಗೆ ಹಾಕಿ ಒಣಗಿಸಬಹುದಾದ ಕಡೆಗೆ ಮಾತ್ರ ಹತ್ತಿ ಇಟ್ಟುಕೊಂಡೆ. ಸ್ವಿಚ್ಚು, ವೈರು ಇರುವ ಗೋಡೆಗಳಿಗೆ, ಸೂರಿಗೆ ರಾಕ್‌ವೂಲ್. ಬಾಯ್ಲರಿಗೆ, ಹಬೆ ಪೈಪಿಗೆ ಸುತ್ತುವ ಕಲ್ಲಿನ ಉಣ್ಣೆ ಅದು. ಅಕ್ಕಿ ಗಿರಣಿಗಳ ಈ ಜಿಲ್ಲೆಯಲ್ಲಿ ಅದರ ಪರಿಚಯ ಇರುವವರು ಸಿಗುತ್ತಾರೆ. ಘನ ಮೀಟರಿಗೆ 48 ಕಿಲೊ ಸಾಂದ್ರತೆಯದು ಸಾಕು. ಬೆಂಕಿ ಹಿಡಿಯುವುದಿಲ್ಲ. ಆದರೆ ಅದರ ಎಳೆ ಮೈಗೆ ತಾಗಿದರೆ ತುರಿಕೆ, ಕೈಗವಸು, ಮುಖಗವಸು ಹಾಕಿಯೇ ಮುಟ್ಟಬೇಕು, ಮೇಲೆ ಒತ್ತಾದ ಬಟ್ಟೆ ಹೊದಿಸಿ ಬಿಗಿಯಾಗಿ ಹೊಲಿಯಬೇಕು. ತಗ್ಗಿನ ಸ್ವರಗಳಿಗೆ ಮೂಲೆಗಳೇ ಜಾಗ. 100 ಹರ್ಟ್ಜ್‌ನ ಅಲೆಯ ಕಾಲುಭಾಗವೇ ಸುಮಾರು ಮೂರಡಿ, ಅಷ್ಟು ದಪ್ಪ ಯಾರ ಗೋಡೆಗೂ ಹಾಕಲಾಗದು. ಎರಡು ಗೋಡೆ ಕೂಡುವಲ್ಲಿ ಹಲಗೆಯನ್ನು ಅಡ್ಡಕ್ಕೆ ನಿಲ್ಲಿಸಿದರೆ ಅದರ ಹಿಂದೆ ತಾನಾಗಿಯೇ ಆಳ ಸಿಗುತ್ತದೆ. ನೆಂಟರಿಗೆಂದು ಇಟ್ಟಿರುವ ಗಾದಿಗಳನ್ನು ಸುರುಳಿ ಸುತ್ತಿ ಮೂಲೆಯಲ್ಲಿ ನಿಲ್ಲಿಸಿದರೂ ಒಳ್ಳೆಯ ಕೆಲಸ ಮಾಡುತ್ತವೆ.

ಇಷ್ಟೆಲ್ಲ ಒಳಗಿನ ದನಿಯ ಮಾತು. ಹೊರಗಿನ ಸದ್ದು ತಡೆಯುವುದು ಬೇರೆಯೇ ಕೆಲಸ, ಗಾದಿ, ರಾಕ್‌ವೂಲುಗಳಿಂದ ಅದು ಆಗುವುದಿಲ್ಲ. ಅದಕ್ಕೆ ಬೇಕಾದ್ದು ಭಾರ ಮತ್ತು ಸಂದಿಲ್ಲದ ಮುಚ್ಚುಗಡೆ. ನಮ್ಮ ಹಳೆಯ ಮನೆಗಳ ಒಂಬತ್ತಿಂಚಿನ ಇಟ್ಟಿಗೆ ಗೋಡೆ ಸಾಕಷ್ಟು ತಡೆಯುತ್ತದೆ. ಸೋರುವುದು ಬಾಗಿಲಿನ ಕೆಳಗಿನಿಂದ. ಹಳೆಯ ಬಾಗಿಲಿಗೆ ಹೊಸ್ತಿಲಿತ್ತು, ಈಗಿನ ಟೈಲ್ಸ್ ಮನೆಯ ಒಳಬಾಗಿಲುಗಳಿಗೆ ಅದನ್ನು ತೆಗೆದುಬಿಟ್ಟಿದ್ದಾರೆ. ಮೂರಡಿ ಅಗಲದ ಬಾಗಿಲ ಕೆಳಗೆ ಅರ್ಧ ಇಂಚು ಸಂದು ಇದ್ದರೆ ಅದು ಬಾಗಿಲಿನ ನೂರರಲ್ಲಿ ಒಂದು ಭಾಗವೂ ಅಲ್ಲ. ಆದರೂ ಬಾಗಿಲು ತೇಗದ್ದೇ ಆಗಿರಲಿ, ತಡೆಯುವುದು 20 ಡೆಸಿಬಲ್ ಆಸುಪಾಸಿನಷ್ಟೇ. ಹೊಸ್ತಿಲು ಕೂರಿಸಿ ಸುತ್ತ ರಬ್ಬರ್ ಪಟ್ಟಿ ಅಂಟಿಸಿದ ದಿನ ಬೀದಿಯ ಬೈಕುಗಳು ಅರ್ಧಕ್ಕರ್ಧ ದೂರ ಸರಿದವು.

ರೈಲಿನ ಹಾರ್ನು ಮಾತ್ರ ಬರುತ್ತದೆ. ಬೆಂಗಳೂರು–ಹುಬ್ಬಳ್ಳಿ ಮಾರ್ಗ ಊರ ನಡುವೆಯೇ ಹೋಗುವಾಗ ಅದನ್ನು ತಡೆಯಲು ಕೋಣೆಯೊಳಗೆ ಇನ್ನೊಂದು ಕೋಣೆ ಕಟ್ಟಬೇಕು. ನನಗೆ ಆ ಜಾಗವೂ ಇಲ್ಲ, ಅಗತ್ಯವೂ ಕಾಣುವುದಿಲ್ಲ. ರೈಲು ಹೋದ ಮೇಲೆ ಪಲ್ಲವಿ ಮತ್ತೆ ಎತ್ತಿಕೊಂಡರಾಯಿತು. ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಧ್ವನಿವರ್ಧಕಗಳಿಗೆ ನಿರ್ಬಂಧ ಇದೆ, 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ. ವಾಸದ ಬಡಾವಣೆಯಲ್ಲಿ ರಾತ್ರಿಯ ಮಿತಿ 45 ಡೆಸಿಬಲ್. ಅದು ಅಕ್ಕಪಕ್ಕದವರ ನಿದ್ದೆಗೂ ಅನ್ವಯ. ಡೊಳ್ಳು, ಉರುಮೆ ಮುಟ್ಟುವುದಿದ್ದರೆ ಹಗಲಲ್ಲೇ ಮುಟ್ಟಬೇಕು.

ಸಂದು ಮುಚ್ಚಿದ ಮೇಲೆ ಸೆಖೆ. ಫ್ಯಾನು ತಿರುಗಿದರೆ ಅದರ ಗಾಳಿ ಮೈಕಿಗೆ, ನಿಲ್ಲಿಸಿದರೆ ಹಾಡುವವರು ಬೆವರುತ್ತಾರೆ. ಎಪ್ಪತ್ತು ದಾಟಿದವರನ್ನು ಬೇಸಿಗೆಯಲ್ಲಿ ಮುಚ್ಚಿದ ಕೋಣೆಯಲ್ಲಿ ಕೂರಿಸುವುದು ತಪ್ಪು, ಯಾವ ರೆಕಾರ್ಡಿಂಗೂ ಅದಕ್ಕಿಂತ ದೊಡ್ಡದಲ್ಲ. ತಾರಸಿಗೆ ಬಿಳಿ ಬಣ್ಣ ಬಳಿದು, ಎಸಿ ಹಾಕಿ ಕೋಣೆಯನ್ನು ಮೊದಲೇ ತಣ್ಣಗೆ ಮಾಡಿ, ಹಾಡುವಾಗ ನಿಲ್ಲಿಸಿ, ಎರಡು ಹಾಡಿಗೊಮ್ಮೆ ಬಾಗಿಲು ತೆರೆದು ಚಹಾ ಕೊಡುವುದು ನಮ್ಮ ಕ್ರಮ. ದೊಡ್ಡ ಕಥನಗಳನ್ನು ಕಾರ್ತೀಕದಿಂದ ಶಿವರಾತ್ರಿಯವರೆಗಿನ ತಂಪಿಗೆ ಇಟ್ಟುಕೊಳ್ಳುವುದು ಒಳ್ಳೆಯದು.

ಕರೆಂಟಿನ ವಿಷಯ ಚಿಕ್ಕದು, ಆದರೆ ಬಿಡುವಂತಿಲ್ಲ. ರೆಕಾರ್ಡಿಂಗಿನಲ್ಲಿ ಹುಂ ಎನ್ನುವ 50 ಹರ್ಟ್ಜ್ ಕೇಳಿದರೆ ಮೊದಲು ಅರ್ಥಿಂಗ್ ನೋಡಿಸಿ. ಗುಂಡಿ ತೋಡಿ, ಇದ್ದಿಲು, ಉಪ್ಪು ಹಾಕಿ, ನೀರು ಬಿಡುತ್ತಿದ್ದರೆ ಅದು ಕೆಲಸ ಮಾಡುತ್ತದೆ. ಬೇಸಿಗೆಯಲ್ಲಿ ಒಣಗಿದರೆ ಮಾಡುವುದಿಲ್ಲ. ಎಲ್ಲ ಯಂತ್ರಗಳಿಗೂ ಒಂದೇ ಪ್ಲಗ್ ಸಾಲಿನಿಂದ ಕರೆಂಟು ಕೊಡಿ. ಮನೆಯ ಹಳೆಯ ಯುಪಿಎಸ್ ಸ್ಕ್ವೇರ್ ವೇವ್ ಆಗಿದ್ದರೆ ಕರೆಂಟು ಹೋದಾಗ ಝರ್ ಎಂದು ಸದ್ದು ಸೇರುತ್ತದೆ, ಸೈನ್ ವೇವ್ ಇರುವುದೇ ಬೇಕು.

ಈಗ ಮೈಕು. ಒಬ್ಬರೇ ಹಾಡುತ್ತ ಹಾರ್ಮೋನಿಯಂ ನುಡಿಸುವಾಗ ಪೆಟ್ಟಿಗೆಯ ದನಿ ಕಂಠವನ್ನು ಮುಚ್ಚದಂತೆ ನೋಡುವುದೇ ದೊಡ್ಡ ಕೆಲಸ. ತಿದಿಯ ಟಪಟಪ ಬೇರೆ. ಎಂಟರ ಆಕಾರದಲ್ಲಿ, ಅಂದರೆ ಹಿಂದೆ ಮುಂದೆ ಮಾತ್ರ ಕೇಳಿಸಿಕೊಂಡು ಅಕ್ಕಪಕ್ಕ, ಮೇಲೆ ಕೆಳಗೆ ಕಿವುಡಾಗಿರುವ ಮೈಕುಗಳಿವೆ. ಅದರ ಮುಖ ಬಾಯಿಗೆ, ಕಿವುಡು ಬದಿ ಪೆಟ್ಟಿಗೆಗೆ ತಿರುಗಿಸಿಟ್ಟರೆ ಅರ್ಧ ಸಮಸ್ಯೆ ಅಲ್ಲೇ ತೀರುತ್ತದೆ. ಗುಂಪಾಗಿ ಹಾಡುವವರಿಗೆ ಒಬ್ಬೊಬ್ಬರಿಗೊಂದು ಮೈಕು ಕೊಡುವುದು ನನಗೆ ಇಷ್ಟವಿಲ್ಲ. ಅರ್ಧಚಂದ್ರಾಕಾರವಾಗಿ ಕೂರಿಸಿ, ನಡುವೆ ಸೂಕ್ಷ್ಮ ದನಿಯನ್ನೂ ಹಿಡಿಯುವ ಎರಡು ಕಂಡೆನ್ಸರ್ ಮೈಕು, ಒಂದರಿಂದ ಒಂದು 17 ಸೆಂಟಿಮೀಟರ್ ದೂರ, 110 ಡಿಗ್ರಿ ಕೋನ. ಫ್ರಾನ್ಸಿನ ರೇಡಿಯೊದವರು ರೂಢಿಸಿದ ಕ್ರಮ ಇದು, ನಮ್ಮ ಕಿವಿಗಳ ಅಂತರಕ್ಕೆ ಹತ್ತಿರ. ಮೊದಲು ಹೇಳುವವರು ಎಡಕ್ಕೆ, ಸೊಲ್ಲು ಹಿಡಿಯುವವರು ಬಲಕ್ಕೆ ಕೂತರೆ ಕೇಳುವಾಗಲೂ ಹಾಗೇ ಕೇಳುತ್ತದೆ. ಹೆಡ್‌ಫೋನ್ ಬೇಡ, ತಾಳ ಹಾಕುವ ಕ್ಲಿಕ್ ಸದ್ದೂ ಬೇಡ. ಹಾಡು ಏರುತ್ತ ಹೋದಂತೆ ಲಯವೂ ಏರುತ್ತದೆ, ಅದನ್ನು ಕಟ್ಟಿಹಾಕಿದರೆ ಹಾಡೇ ಬೇರೆಯಾಗುತ್ತದೆ.

ಕೇಳುವ ಜಾಗವನ್ನೂ ನೆಲದಲ್ಲೇ ಮಾಡಿಕೊಂಡಿದ್ದೇನೆ. ಮಂಡಿಪೇಟೆಯ ಹಳೆಯ ಅಂಗಡಿಗಳಲ್ಲಿ ಗುಮಾಸ್ತರು ಗಾದಿಯ ಮೇಲೆ ಕೂತು ಲೆಕ್ಕ ಬರೆಯುತ್ತಿದ್ದ ಇಳಿಜಾರು ಡೆಸ್ಕಿನಂಥದ್ದನ್ನು ಮಾಡಿಸಿ ಅದರ ಮೇಲೆ ಲ್ಯಾಪ್‌ಟಾಪು, ಇಂಟರ್‌ಫೇಸು (ಮೈಕಿನ ದನಿಯನ್ನು ಕಂಪ್ಯೂಟರಿಗೆ ದಾಟಿಸುವ ಪೆಟ್ಟಿಗೆ). ಹದಿನಾಲ್ಕು ಅಡಿಯ ಉದ್ದದಲ್ಲಿ ಮುಂಗೋಡೆಯಿಂದ ಐದೂಕಾಲು ಅಡಿಗೆ ನನ್ನ ತಲೆ. ಎರಡು ಸ್ಪೀಕರು, ನಾನು, ಮೂರೂ ಸಮ ತ್ರಿಕೋನದ ತುದಿಗಳಲ್ಲಿ. ಸ್ಪೀಕರಿನ ಸಣ್ಣ ಶಂಕು ಕೂತವರ ಕಿವಿಯ ಮಟ್ಟಕ್ಕೆ. ಎಡಬಲ ಸಮ ಇರಬೇಕಾದ್ದರಿಂದ ಇಲ್ಲಿ ಅಗಲದ ನಟ್ಟನಡುವೆ ಕೂರದೆ ವಿಧಿಯಿಲ್ಲ. ಆ ಜಾಗದಲ್ಲಿ 56 ಮಲಗಿ 112 ಎದ್ದಿರುತ್ತದೆ, ಹಾಗಾಗಿ ತಬಲದ ಜೊತೆಯ ಡಗ್ಗದ ತಗ್ಗಿನ ದನಿಯನ್ನು ತೀರ್ಮಾನಿಸುವಾಗ ಸ್ಪೀಕರನ್ನಷ್ಟೇ ನಂಬದೆ ಹೆಡ್‌ಫೋನಿನಲ್ಲೂ ಕೇಳುತ್ತೇನೆ. ಕೆಳಗೆ ಡೆಸ್ಕು ಇರುವುದರಿಂದ ಆದ ದೊಡ್ಡ ಲಾಭ ಬೇರೆ. ಹಾಡಿದವರು ಎದ್ದು ಬಂದು ನನ್ನ ಪಕ್ಕದಲ್ಲೇ ಕೂತು ಕೇಳುತ್ತಾರೆ, “ಇಲ್ಲಿ ಒಂದು ಸಾಲು ಬಿಟ್ಟೀನಿ ತಮ್ಮಾ, ಇನ್ನೊಂದ್ಸಲ ಹಾಡ್ತೀನಿ” ಅನ್ನುತ್ತಾರೆ. ಎತ್ತರದ ಕುರ್ಚಿಯಲ್ಲಿ ನಾನು, ಕೆಳಗೆ ಅವರು ಎಂದಿದ್ದರೆ ಆ ಮಾತು ಅವರ ಬಾಯಿಂದ ಬರುತ್ತಿರಲಿಲ್ಲ.

ಹಿಡಿದ ಹಾಡನ್ನು 48 ಕಿಲೊಹರ್ಟ್ಜ್, 24 ಬಿಟ್‌ನಲ್ಲಿ ಇಟ್ಟುಕೊಳ್ಳುತ್ತೇನೆ, ಎರಡು ಬೇರೆ ಬೇರೆ ಡಿಸ್ಕಿನಲ್ಲಿ, ಒಂದು ಬೇರೆ ಮನೆಯಲ್ಲಿ. ಅದರ ಜೊತೆಗೆ ನೋಟ್‌ಬುಕ್ಕಿನಲ್ಲಿ ಹಾಡಿದವರ ಹೆಸರು, ಊರು, ಹಾಡನ್ನು ಯಾರಿಂದ ಕಲಿತರು, ಯಾವ ಹಬ್ಬಕ್ಕೆ ಯಾವ ಕೆಲಸಕ್ಕೆ ಹಾಡುವುದು, ಹೊರಗೆ ಕೇಳಿಸಲು ಅವರ ಒಪ್ಪಿಗೆ ಇದೆಯೋ ಇಲ್ಲವೋ. ಕೆಲವು ಹಾಡು ದೇವರ ಮುಂದೆ ಮಾತ್ರ ಹಾಡಬೇಕಾದವು, ಅವು ಅವರ ಮನೆಯವರ ಮೊಬೈಲಿಗಷ್ಟೇ ಹೋಗುತ್ತವೆ.

ಸದ್ಯ ಬೀದಿ ಕಡೆಯ ಕಿಟಕಿಗೆ ಎರಡನೇ ಗಾಜು ಬರಬೇಕು. ಮೊದಲ ಗಾಜಿಗಿಂತ ಬೇರೆ ದಪ್ಪದ್ದು, ಆರು ಮಿಲಿಮೀಟರಿಗೆ ಎಂಟು, ನಡುವೆ ನಾಲ್ಕಿಂಚು ಬಿಡುವು. ಬಡಗಿಗೆ ಅಳತೆ ಕೊಟ್ಟಿದ್ದೇನೆ, ಶ್ರಾವಣದ ಭಜನೆ ಶುರುವಾಗುವ ಮೊದಲು ಕೂರಿಸಿಕೊಡುತ್ತೇನೆ ಎಂದಿದ್ದಾರೆ. ಅದಾದ ಮೇಲೆ ಹಿರಿಯೂರು ಕಡೆಯ ಗಣೆ ನುಡಿಸುವವರೊಬ್ಬರನ್ನು ಕರೆಯಬೇಕು. ಆ ಉದ್ದನೆಯ ಕೊಳಲಿನ ತಗ್ಗಿನ ದನಿಗೆ ಮೈಕು ಬಾಯಿಯ ಬಳಿಯೋ ತುದಿಯ ಬಳಿಯೋ ಎಂಬುದನ್ನು ಅವರು ಕೂತು ನುಡಿಸುವಾಗಲೇ ನೋಡಬೇಕು.